ಬೆಸ್ ಹೆದರದಷ್ಟು ದೂರ

“ಲ್ಯಾಬ್ರಡಾರ್ ಬೇಡವೇ ಬೇಡ,” ಎಂದಳು ಇಂಚರಾ. “ನಮ್ ಕ್ಲಾಸಲ್ಲಿ ಮೂರು ಜನರ ಮನೇಲಿ ಅದೇ ಇದೆ.”

“ಅದೂ ಒಂದು ಕಾರಣವೇನೇ?” ಡೊನಲ್ ತಾತ ನಕ್ಕರು. “ಸರಿ, ಬರ್ಕೋ. ಲ್ಯಾಬ್ರಡಾರ್. ಮನೆಗೆ ಒಂದು ರೈಟ್ ಮಾರ್ಕ್. ಹೊಲಕ್ಕೆ ಅರ್ಧ.”

“ಅರ್ಧ ಯಾಕೆ?”

“ಬೇಟೇಲಿ ಹೊಡೆದ ಹಕ್ಕೀನ ತಂದುಕೊಡೋದ್ರಲ್ಲಿ ಗಟ್ಟಿಗ. ಆದ್ರೆ ಬೇಲಿ ಸಂದೀಲಿ ಅಡಗಿರೋ ಹಕ್ಕೀನ ಮೂಸಿ ಹಿಡಿದು, ಅಲ್ಲಾಡದೆ ನಿಂತು, ಇಲ್ಲಿದೆ ನೋಡು ಅಂತ ತೋರಿಸ್ಬೇಕಲ್ಲ? ನನಗೆ ಬೇಕಾಗಿರೋದು ಆ ಥರದ್ದು.”

ಇಂಚರಾ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಕಾಲಮ್ ಮಾಡಿದ್ದಳು. ಒಂದು ಹೊಲ, ಇನ್ನೊಂದು ಮನೆ. ತಾತನ ಹಳೆಯ ನಾಯಿ ಬೆಸ್ ಜನವರಿಯಲ್ಲಿ ಸತ್ತುಹೋಗಿತ್ತು. ಅದು ಪಾಯಿಂಟರ್ ಜಾತಿ. ಹದಿಮೂರು ವರ್ಷ ಹೊರಗಿನ ಶೆಡ್ಡಿನಲ್ಲೇ ಮಲಗಿತ್ತು. ಈಗ ಬರುವ ನಾಯಿ ಮನೆಯೊಳಗೂ ಇರಬೇಕು. ಯಾಕೆಂದರೆ ಮನೆಯೊಳಗೆ ತಾತನ ಹೆಂಡತಿ ನೂಲಾ ಅಜ್ಜಿ ಇದ್ದರು.

ಹೋದ ವರ್ಷ ಸ್ಟ್ರೋಕ್ ಆದ ಮೇಲೆ ನೂಲಾ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ತಾವಾಗಿ ಏಳುತ್ತಿರಲಿಲ್ಲ. ಮಾತೂ ಇಲ್ಲ. ದಿನವೆಲ್ಲ ಅವರ ಬಲಗೈ ಕುರ್ಚಿಯ ಪಕ್ಕ ಕೆಳಗೆ ಏನನ್ನೋ ಹುಡುಕುತ್ತಿರುತ್ತಿತ್ತು.

“ಸ್ಪ್ರಿಂಗರ್ ಸ್ಪ್ಯಾನಿಯಲ್?” ಇಂಚರಾ ಕೇಳಿದಳು.

“ಬೇಗ ಕಲಿಯುತ್ತೆ. ಒಂದೇ ವರ್ಷ ಸಾಕು. ಆದ್ರೆ ಮನೇಲಿ ಪುಟಿಯೋ ಚೆಂಡು. ನೂಲಾ ಕಾಲಿಗೆ ಸಿಕ್ಕಿದ್ರೆ ಕಷ್ಟ.”

“ಕೆಂಪು ಸೆಟರ್?” ಇದನ್ನು ಕೇಳುವಾಗ ಅವಳ ದನಿ ಸ್ವಲ್ಪ ಮೆತ್ತಗಾಯಿತು. ರೇಷ್ಮೆಯಂಥ ಉದ್ದ ಕೂದಲಿನ ಆ ಕೆಂಪು ನಾಯಿಯ ಮೇಲೆ ಅವಳಿಗೆ ಮೊದಲಿನಿಂದಲೂ ಆಸೆ.

“ಮೂಗು ಚೆನ್ನಾಗಿರುತ್ತೆ. ಸ್ವಭಾವವೂ ಸಾಧು. ಆದ್ರೆ ಬುದ್ಧಿ ಬರೋದು ನಿಧಾನ ಇಂಚ್. ಎರಡು ವರ್ಷ ಬೇಕು.” ತಾತ ಕಿಟಕಿಯ ಕಡೆ ನೋಡಿದರು. “ಎರಡು ವರ್ಷ,” ಎಂದು ಇನ್ನೊಮ್ಮೆ, ಯಾರಿಗೂ ಅಲ್ಲದ ಹಾಗೆ, ಹೇಳಿಕೊಂಡರು.

ಇಂಚರಾ ಎಂಬ ಹೆಸರು ಅವರ ಬಾಯಲ್ಲಿ ಇಂಚ್ ಆಗಿತ್ತು. ಅವಳ ಅಮ್ಮ ವಸುಂಧರಾ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು. ಅಪ್ಪ ಲೋಹಿತ್, ನೇಸ್ ಎಂಬ ಊರಿನ ಹತ್ತಿರ ಒಂದು ಆಫೀಸಿಗೆ ಹೋಗುತ್ತಿದ್ದರು. ನಾಲ್ಕು ವರ್ಷದಿಂದ ಸ್ಕೂಲ್ ಬಸ್ ಇಳಿದ ಮೇಲೆ ಇಂಚರಾ ಪಕ್ಕದ ತೋಟದ ಈ ಮನೆಗೇ ಬರುವುದು. ಈ ದೇಶದವರು ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವಳೂ ಅವರೆದುರು ಡೊನಲ್ ಎನ್ನುತ್ತಿದ್ದಳು. ಮನೆಯಲ್ಲಿ ಮಾತ್ರ ಅಮ್ಮನ ಭಯಕ್ಕೆ ಡೊನಲ್ ತಾತ.

ಕಿಟಕಿಯ ಕಟ್ಟೆಯ ಮೇಲೆ ಒಂದು ನೀಲಿ ಹೂಜಿ ಇತ್ತು. ಅದರ ತುಂಬ ಉದ್ದುದ್ದ ಗರಿಗಳು. ಅವು ಫೆಸೆಂಟ್ ಹಕ್ಕಿಯವು. ಕೋಳಿಯಷ್ಟು ದಪ್ಪ, ಮೊಳದುದ್ದ ಬಾಲ. ನವೆಂಬರ್ ಒಂದನೇ ತಾರೀಕು ಬೇಟೆ ಶುರು. ಮದುವೆಯಾದ ವರ್ಷದಿಂದ ಪ್ರತಿ ನವೆಂಬರ್ ಒಂದಕ್ಕೆ ಡೊನಲ್ ತಾತ ಒಂದು ಹುಂಜ ಹೊಡೆದು ತರುತ್ತಿದ್ದರು. ನೂಲಾ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಅದರ ಪುಕ್ಕ ಕೀಳುತ್ತಿದ್ದರು. ಬಾಲದ ಅತಿ ಉದ್ದದ ಗರಿ ಹೂಜಿಗೆ ಹೋಗುತ್ತಿತ್ತು.

ಇಂಚರಾ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಪುಕ್ಕ ಕೀಳುವ ಹೊತ್ತಿಗೆ ಅವಳು ಹಿತ್ತಲ ಕಡೆ ಸುಳಿಯುತ್ತಿರಲಿಲ್ಲ. ಆದರೆ ಆ ಹೂಜಿ ಅವಳಿಗೆ ಇಷ್ಟ. ಅಜ್ಜಿ ದಿನವಿಡೀ ನೋಡುತ್ತಿದ್ದುದು ಅದನ್ನೇ.

ನಾಯಿಯನ್ನು ಕೊನೆಗೆ ಆರಿಸಿದ್ದು ನೋಟ್‌ಬುಕ್ಕಿನ ಮಾರ್ಕ್‌ಗಳಲ್ಲ.

ಏಪ್ರಿಲ್‌ನ ಒಂದು ಭಾನುವಾರ ಮೂವರೂ ಕಾರಿನಲ್ಲಿ ಹೊರಟರು. ಒಂದು ಮನೆಯಲ್ಲಿ ಸ್ಪ್ರಿಂಗರ್ ಮರಿ ನೋಡಿದರು. ಇನ್ನೊಂದು ಮನೆಯಲ್ಲಿ ಸೆಟರ್ ಮರಿಗಳು. ಅಜ್ಜಿ ಕಾರಿನಿಂದ ಇಳಿಯುವ ಹಾಗಿರಲಿಲ್ಲ. ತಾತ ಒಂದು ಕೆಂಪು ಮರಿಯನ್ನು ತಂದು ಕಿಟಕಿಯಿಂದ ಅವರ ಮಡಿಲಿಗಿಟ್ಟರು. ಅದು ಎರಡು ಸುತ್ತು ಸುತ್ತಿ ಅಲ್ಲೇ ಮಲಗಿ ನಿದ್ದೆಹೋಯಿತು.

ಅಜ್ಜಿಯ ಕೈ ಅದರ ಬೆನ್ನಿನ ಮೇಲೆ ಬಂತು. ತುಟಿ ಅಲ್ಲಾಡಿತು.

“ಬೆಸ್,” ಎಂದರು ನೂಲಾ ಅಜ್ಜಿ.

ಐದು ತಿಂಗಳಿನಲ್ಲಿ ಅದೇ ಮೊದಲ ಮಾತು. ಬೆಸ್ ಸತ್ತುಹೋಗಿದೆ ಎಂದು ಅವರಿಗೆ ನೆನಪು ಮಾಡಲು ಯಾರೂ ಹೋಗಲಿಲ್ಲ. ತಾತ ಕಾರಿನ ಬಾನೆಟ್ ಒರಸುವವರಂತೆ ಆ ಕಡೆ ತಿರುಗಿ ನಿಂತರು. ಆಮೇಲೆ ಬಂದು, “ಸೆಟರೇ ಇರಲಿ,” ಎಂದರು.

ಮರಿಗೆ ಬೆಸ್ ಎಂದೇ ಹೆಸರಾಯಿತು.

ಬೆಸ್ ಬೆಳಿಗ್ಗೆ ಹೊಲಕ್ಕೆ, ಮಧ್ಯಾಹ್ನ ಅಜ್ಜಿಯ ಕುರ್ಚಿಗೆ. ಅಜ್ಜಿಯ ಕೈ ಈಗ ಪಕ್ಕಕ್ಕೆ ಇಳಿದರೆ ಅಲ್ಲೊಂದು ಕೆಂಪು ತಲೆ ಇರುತ್ತಿತ್ತು.

ಬಂದೂಕಿಗೆ ಹೆದರದ ಹಾಗೆ ನಾಯಿಯನ್ನು ಬೆಳೆಸುವುದು ಹೇಗೆ ಎಂದು ತಾತ ಹೇಳಿಕೊಟ್ಟರು. ಮುರಿದ ಹರ್ಲಿಯ ಎರಡು ತುಂಡು ಅದಕ್ಕೆ ಸಾಕು. ಹರ್ಲಿ ಎಂದರೆ ಕಿಲ್ಕೆನ್ನಿಯ ಮಕ್ಕಳೆಲ್ಲ ಚೆಂಡಾಡುವ ಮರದ ಕೋಲು. ಬೆಸ್ ಊಟ ಮಾಡುವಾಗ ಇಂಚರಾ ದೂರ ಹೋಗಿ ನಿಂತು ತುಂಡುಗಳನ್ನು ಒಂದಕ್ಕೊಂದು ತಟ್ಟಬೇಕು. ಟಕ್. ಒಂದೇ ಸಲ. ಬೆಸ್ ತಲೆ ಎತ್ತದೆ ತಿನ್ನುತ್ತಿದ್ದರೆ ನಾಳೆ ಒಂದು ಹೆಜ್ಜೆ ಹತ್ತಿರ. ತಲೆ ಎತ್ತಿದರೆ ಒಂದು ಹೆಜ್ಜೆ ಹಿಂದೆ. ತಾತ ಟೋಪಿ ಎತ್ತಿದರೆ ಸರಿ ಎಂದು ಅರ್ಥ. ಕೈ ಬೀಸಿದರೆ ಹಿಂದೆ ಹೋಗು ಎಂದು.

“ಇನ್ನೂ ಸ್ವಲ್ಪ ಮುಂದೆ ಬರ್ಲಾ?” ಇಂಚರಾ ಕೂಗುತ್ತಿದ್ದಳು.

“ನಾಳೆ!” ತಾತ ಅಲ್ಲಿಂದ ಕೂಗುತ್ತಿದ್ದರು.

“ನೀವು ಯಾವಾಗ್ಲೂ ನಾಳೆ ಅಂತೀರಾ!”

ಸೆಪ್ಟೆಂಬರ್ ಹೊತ್ತಿಗೆ ಅವಳು ಮೂವತ್ತು ಹೆಜ್ಜೆ ಹತ್ತಿರ ಬಂದಿದ್ದಳು. ಅಕ್ಟೋಬರ್‌ನಲ್ಲಿ ಒಂದು ದಿನ ಎರಡು ಹೊಲದಾಚೆ ತಾತ ಬಂದೂಕಿನಿಂದ ಒಂದು ಗುಂಡು ಹಾರಿಸಿದರು. ಬೆಸ್ ಕಿವಿ ನಿಮಿರಿಸಿತು, ಮತ್ತೆ ಬಟ್ಟಲಿಗೆ ಬಾಯಿ ಹಾಕಿತು. ಇಂಚರಾ ಎರಡೂ ಕೈ ಎತ್ತಿ ತೋರಿಸಿದಾಗ ತಾತ ಅಲ್ಲಿಂದ ಟೋಪಿ ಎತ್ತಿ ಎತ್ತಿ ಬೀಸಿದರು.

“ಈ ವರ್ಷವೇ ಆಗಬಹುದೇನೋ ಇಂಚ್,” ಎಂದರು. “ಇನ್ನೂ ಮರಿ. ಆದ್ರೂ ಒಂದೇ ಒಂದು ಹಕ್ಕಿ.”

ಈ ವರ್ಷವೇ ಯಾಕೆ ಎಂದು ಇಂಚರಾ ಕೇಳಲಿಲ್ಲ. ಅಮ್ಮ ಫೋನಿನಲ್ಲಿ ಅಪ್ಪನ ಹತ್ತಿರ ನೂಲಾ ಅಜ್ಜಿಯ ವಿಷಯ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು.

ಅಕ್ಟೋಬರ್ ಕೊನೆಯಲ್ಲಿ ಅಜ್ಜಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ತಾತನೂ ಜೊತೆಗೆ ಹೋದರು. ಬೆಸ್‌ನ ಹಗ್ಗ ಇಂಚರಾಳ ಕೈಗೆ ಬಂತು.

“ಸದ್ದಿನ ವಿಷಯ ಮಾತ್ರ ಹುಷಾರು,” ಎಂದರು ತಾತ. “ನಾನು ಬರೋವರೆಗೆ ಹರ್ಲಿ ಕೂಡ ಬೇಡ.”

ವಾರದ ನಡುವೆ ದೊಡ್ಡವರಿಗೆ ರಜೆ ಸಿಗುವುದಿಲ್ಲವೆಂದು ಇಂಚರಾಳ ಮನೆಯಲ್ಲಿ ಆ ಶನಿವಾರವೇ ದೀಪಾವಳಿ. ಸಂಜೆ ನೇಸ್‌ನಿಂದ ಅಪ್ಪನ ಗೆಳೆಯ ಜಯರಾಮ ಅಂಕಲ್ ಬಂದರು. ಸ್ವೀಟ್ ಬಾಕ್ಸಿನ ಕೆಳಗಿಂದ ಕೆಂಪು ಕಾಗದದ ಒಂದು ಪಟಾಕಿ ಸರ ತೆಗೆದರು.

“ಇಲ್ಲಿ ಇದನ್ನೆಲ್ಲ ಹೊಡೆಯೋ ಹಾಗಿಲ್ಲ ಕಣೋ,” ಎಂದರು ಅಪ್ಪ.

“ಒಂದೇ ಒಂದು ಸರ ಮಾರಾಯ. ಶಾಸ್ತ್ರಕ್ಕೆ. ಏಳು ವರ್ಷ ಆಯ್ತು ಇದರ ವಾಸನೆ ಕುಡಿದು.”

ಅಪ್ಪನ ಮುಖದಲ್ಲೂ ಆಸೆ ಕಂಡಿತು. ಅಮ್ಮ ಮಾತ್ರ, “ಇಂಚರಾ, ಬೆಸ್‌ನ ಒಳಗೆ ಕರ್ಕೊಂಡು ಹೋಗು. ಬಾಗಿಲು ಹಾಕಿ ಟಿವಿ ಜೋರಾಗಿ ಇಡು,” ಎಂದರು.

ಇಂಚರಾ ಒಳಗೆ ಹೋದಳು. ಟಿವಿ ಹಾಕಿದಳು. ಆಗ ಅವಳಿಗೆ ಒಂದು ಯೋಚನೆ ಬಂತು.

ಮುಂದಿನ ಶುಕ್ರವಾರವೇ ನವೆಂಬರ್ ಒಂದು. ತಾತ ಆಸ್ಪತ್ರೆಯಲ್ಲಿದ್ದಾರೆ, ಹರ್ಲಿ ತಟ್ಟುವುದೂ ನಿಂತಿದೆ. ಬೆಸ್ ಬಂದೂಕಿಗೇ ಹೆದರಿಲ್ಲ. ಪಟಾಕಿ ಎಷ್ಟರದು? ಮನೆಯ ಹಿಂದೆ ನಿಂತರೆ ನಡುವೆ ಗೋಡೆ ಇರುತ್ತದೆ. ಈಗ ಒಂದು ಸಲ ಅಭ್ಯಾಸವಾಗಿಬಿಟ್ಟರೆ ತಾತ ಬಂದಾಗ ಬೆಸ್ ರೆಡಿ. ತಾತನಿಗೆ ಸರ್ಪ್ರೈಸ್.

ಅವಳು ಬಟ್ಟಲಿಗೆ ಮೊಸರನ್ನ ಹಾಕಿಕೊಂಡಳು. ಬೆಸ್‌ಗೆ ಅದೆಂದರೆ ಪ್ರಾಣ. ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಣಹಾಕುವ ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟಲು ಇಟ್ಟಳು. ಬೆಸ್ ಬಾಲ ಆಡಿಸುತ್ತ ತಿನ್ನತೊಡಗಿತು.

ಸರ ಸಿಡಿಯಿತು.

ಒಂದು ಟಕ್ ಅಲ್ಲ, ನೂರು. ಹಿತ್ತಲ ತಗಡಿನ ಶೆಡ್ಡಿಗೆ ಬಡಿದು ಒಂದೊಂದು ಸದ್ದೂ ಎರಡಾಗಿ ವಾಪಸ್ ಬಂತು. ಬೆಸ್ ಮೇಲಕ್ಕೆ ಹಾರಿತು. ಹಗ್ಗ ಬಿಗಿಯಿತು. ಓಡಲು ಎಳೆದಷ್ಟೂ ಕೊರಳಪಟ್ಟಿ ಕತ್ತು ಹಿಸುಕಿತು. ನಾಯಿ ಅಂಥ ದನಿಯಲ್ಲಿ ಕಿರುಚಬಲ್ಲದೆಂದು ಇಂಚರಾಳಿಗೆ ಗೊತ್ತಿರಲಿಲ್ಲ. ಅವಳು ಗಂಟು ಬಿಚ್ಚಲು ಹೋದಳು. ಎಳೆತಕ್ಕೆ ಅದು ಬಿಗಿದುಹೋಗಿತ್ತು.

ಸದ್ದು ನಿಂತಾಗ ಬೆಸ್ ನೆಲಕ್ಕೆ ಅಂಟಿಕೊಂಡು ನಡುಗುತ್ತಿತ್ತು. ಮುಂದುಗಡೆ ಅಂಕಲ್ ಚಪ್ಪಾಳೆ ತಟ್ಟುತ್ತಿದ್ದರು.

ಇಂಚರಾ ಚೆಲ್ಲಿದ ಮೊಸರನ್ನವನ್ನು ಕೈಯಿಂದಲೇ ಬಳಿದು ಹಾಕಿದಳು.

“ಏನ್ ಮಾಡ್ತಿದ್ರಿ ಇಬ್ಬರೂ?” ಅಮ್ಮ ಕೇಳಿದರು.

“ಟಿವಿ ನೋಡ್ತಿದ್ವಿ,” ಎಂದಳು.

ಸೋಮವಾರ ತಾತ ಅಜ್ಜಿಯನ್ನು ಮನೆಗೆ ಕರೆತಂದರು. ಬೆಸ್ ಬಾಲ ಕೆಳಗೆ ಹಾಕಿಕೊಂಡೇ ಅವರ ಹತ್ತಿರ ಹೋಯಿತು. ಮೂಲೆಯಲ್ಲಿದ್ದ ಹರ್ಲಿ ತುಂಡುಗಳನ್ನು ತಾತ ಕೈಗೆ ತೆಗೆದುಕೊಂಡಿದ್ದೇ ತಡ, ಸೋಫಾದ ಹಿಂದೆ ಸೇರಿಕೊಂಡಿತು.

“ನೂಲಾ ಇಲ್ಲದೆ ಮಂಕಾಗಿದ್ದಾಳೆ, ಪಾಪ,” ಎಂದು ತಾತ ತುಂಡುಗಳನ್ನು ಕೆಳಗಿಟ್ಟರು. “ಎರಡು ದಿನ ಹೋದ್ರೆ ಸರಿಹೋಗ್ತಾಳೆ.”

ನಡೆದದ್ದನ್ನು ಇಂಚರಾ ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡಳು. ಮಂಗಳವಾರವೂ ಹಾಗೇ ಆಯಿತು. ಬುಧವಾರ ಬೆಸ್ ಅಜ್ಜಿಯ ಕೈ ನೆಕ್ಕಿ ಮಲಗಿತು. ಎಲ್ಲ ಸರಿಹೋಯಿತು, ಇನ್ನು ಹೇಳುವುದೇನೂ ಇಲ್ಲ ಎಂದುಕೊಂಡಳು.

ಶುಕ್ರವಾರ ಸ್ಕೂಲಿಗೆ ರಜೆ. ಬೆಳಿಗ್ಗೆ ಹೊಲದ ಮೇಲೆ ಮಂಜು ಇತ್ತು. ಇಂಚರಾ ಗೇಟಿನ ಹತ್ತಿರವೇ ನಿಲ್ಲಬೇಕು, ಅದು ನಿಯಮ. ತಾತ ಬಂದೂಕು ಹಿಡಿದು ನಡೆದರು. ಮುಂದೆ ಬೆಸ್ ಗಾಳಿಗೆ ಮೂಗೊಡ್ಡಿ ಎಡಕ್ಕೆ ಬಲಕ್ಕೆ ಓಡುತ್ತಿತ್ತು.

ಬೇಲಿಯ ಹತ್ತಿರ ಅದು ತಟ್ಟನೆ ನಿಂತಿತು.

ಒಂದು ಮುಂಗಾಲು ಮೇಲೆ. ಬಾಲ ಗೆರೆ ಎಳೆದ ಹಾಗೆ ನೇರ. ಒಂದು ಕೂದಲೂ ಅಲ್ಲಾಡಲಿಲ್ಲ. ಅಷ್ಟು ಚಂದದ್ದನ್ನು ಇಂಚರಾ ಯಾವತ್ತೂ ನೋಡಿರಲಿಲ್ಲ. ಅವಳೂ ಉಸಿರು ಹಿಡಿದಳು.

ರೆಕ್ಕೆ ಬಡಿದು ಹುಂಜ ಮೇಲೆದ್ದಿತು. ತಾತ ಬಂದೂಕು ಎತ್ತಿದರು. ಸದ್ದಾಯಿತು.

ಅದೇ ಕಿರುಚಾಟ.

ಹಕ್ಕಿ ಬೇಲಿಯಾಚೆ ಹಾರಿಹೋಯಿತು. ಬೆಸ್ ಹೊಲದ ಉದ್ದಕ್ಕೂ ಓಡುತ್ತಿತ್ತು. ತಾತ ಕರೆದರು, ಸಿಳ್ಳೆ ಹಾಕಿದರು. ಅದು ತಿರುಗಲಿಲ್ಲ.

ಒಂದು ಗಂಟೆ ಹುಡುಕಿದ ಮೇಲೆ ಮೂರನೇ ಹೊಲದಲ್ಲಿ, ಚರಂಡಿಯ ಪೈಪಿನೊಳಗೆ ಅದು ಸಿಕ್ಕಿತು. ತಾತ ಕೈ ಚಾಚಿದರೆ ಇನ್ನೂ ಒಳಕ್ಕೆ ಸರಿಯಿತು. ಅವರ ಕೈಯಲ್ಲಿ ಬಂದೂಕಿನ ಮದ್ದಿನ ವಾಸನೆ ಇತ್ತು. ಇಂಚರಾ ಹೊಟ್ಟೆಯ ಮೇಲೆ ತೆವಳಿ ಅದನ್ನು ಹೊರಗೆಳೆದಳು. ತಾತ ಕೆಸರಿನಲ್ಲಿ ನಿಂತಿದ್ದರು. ಅವರಿಗೆ ಇಷ್ಟು ವಯಸ್ಸಾಗಿದೆ ಎಂದು ಅವಳಿಗೆ ಆವತ್ತೇ ಗೊತ್ತಾಗಿದ್ದು.

ಅಡುಗೆಮನೆಯಲ್ಲಿ ಬೆಸ್ ಒಲೆಯ ಹಿಂದಿನ ಸಂದಿಗೆ ಹೋಗಿ ಕೂತಿತು. ಅಜ್ಜಿಯ ಕೈ ಕುರ್ಚಿಯ ಪಕ್ಕ ಇಳಿದು ಹುಡುಕತೊಡಗಿತು. ಅಲ್ಲಿ ಏನೂ ಇರಲಿಲ್ಲ.

ತಾತ ಅಜ್ಜಿಯ ಮುಂದೆ ಮೊಣಕಾಲೂರಿ ಕೂತರು.

“ಈ ಸಲ ಇಲ್ಲ, ನೂಲಾ. ನನ್ನಿಂದಲೇ ಹಾಳಾಯ್ತು. ಒಂಬತ್ತು ತಿಂಗಳ ಮರಿ ಪಕ್ಕದಲ್ಲೇ ಬಂದೂಕು ಹಾರಿಸಿದ ಮುದುಕ ನಾನು. ಸ್ಪ್ರಿಂಗರ್ ತರಬೇಕಿತ್ತೋ ಏನೋ.”

ಇಂಚರಾ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ನಿಮ್ಮಿಂದ ಅಲ್ಲ,” ಎಂದಳು. “ನನ್ನಿಂದ.”

ಹೇಳುತ್ತ ಹೋದಳು. ಕಂಬ, ಮೊಸರನ್ನ, ತಗಡಿನ ಶೆಡ್ಡು, ಬಿಚ್ಚದ ಗಂಟು, ಟಿವಿಯ ಸುಳ್ಳು. ಎಲ್ಲ ಮುಗಿದರೂ ತಾತ ತಿರುಗಲಿಲ್ಲ. ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು.

“ಹಕ್ಕಿಗಳು ಬದುಕಿಕೊಳ್ಳಲಿ ಅಂತ ಮಾಡಿದ್ಯಾ?”

“ಇಲ್ಲ! ಬೇಗ ಕಲೀಲಿ ಅಂತ. ಅಜ್ಜಿಗೋಸ್ಕರ.”

“ಬೇಗ,” ಎಂದರು ತಾತ. ಎದ್ದು ಕೆಟಲ್ ಕೆಳಗಿಟ್ಟರು. ತುಂಬ ಹೊತ್ತು ಅದರ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. “ಇವತ್ತು ಮನೆಗೆ ಹೋಗು, ಇಂಚ್.”

ಅವರು ಬೈಯಲಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಅವಳಿಗೆ ಯಾರೂ ಹೋಗು ಎಂದಿರಲಿಲ್ಲ.

ಅಂದು ಅಮ್ಮನಿಗೂ ಅಪ್ಪನಿಗೂ ಹೇಳಿದಳು. ಅಪ್ಪ, “ಜಯರಾಮನಿಗೆ ಬೇಡ ಅನ್ನಬೇಕಿತ್ತು ನಾನು,” ಎಂದು ಎದ್ದು ಹೋದರು. ಅಮ್ಮ ಅವಳ ತಲೆ ಸವರಿದರು.

“ಅಳ್ಬೇಡ ಪುಟ್ಟಿ. ಒಂದು ಲೆಕ್ಕಕ್ಕೆ ಆ ಹಕ್ಕಿ ಜೀವ ಆದ್ರೂ ಉಳೀತು.”

ಇಂಚರಾಳಿಗೂ ಆ ಹಕ್ಕಿ ಹಾರಿಹೋದದ್ದಕ್ಕೆ ಬೇಸರವಿರಲಿಲ್ಲ. ಆದರೂ ಅಳು ನಿಲ್ಲಲಿಲ್ಲ.

“ಅಮ್ಮ, ನೂಲಾ ಅಜ್ಜಿ ಮುಂದಿನ ನವೆಂಬರ್‌ಗೆ ಇರ್ತಾರಾ?”

ಅಮ್ಮ ಡಾಕ್ಟರು. ಸುಳ್ಳು ಹೇಳಲಿಲ್ಲ. ತಲೆಯ ಮೇಲಿನ ಕೈ ಮಾತ್ರ ಅಲ್ಲೇ ನಿಂತುಬಿಟ್ಟಿತು.

ಒಂದು ವಾರ ಇಂಚರಾ ಸ್ಕೂಲ್ ಬಸ್ ಇಳಿದು ನೇರ ತನ್ನ ಮನೆಗೆ ಹೋದಳು. ಅಪ್ಪ ಮನೆಯಿಂದಲೇ ಕೆಲಸ ಮಾಡಿದರು. ಮುಂದಿನ ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಡೊನಲ್ ತಾತ ನಿಂತಿದ್ದರು. ಕೈಯಲ್ಲಿ ಹರ್ಲಿಯ ಎರಡು ತುಂಡು.

“ಕೆಲಸ ಇದೆಯಾ?”

“ಇಲ್ಲ.”

“ಹಾಗಿದ್ರೆ ಬಾ. ಒಬ್ಬನೇ ಇದ್ರೆ ಆಗೋ ಕೆಲಸ ಅಲ್ಲ ಇದು.”

ಇಬ್ಬರೂ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು, “ಬಂದೂಕು?”

“ಬೀರುವಿನಲ್ಲಿದೆ. ಈ ವರ್ಷ ಹೊರಗೆ ಬರಲ್ಲ.”

“ಬೇರೆ ನಾಯಿ ತರ್ತೀರಾ?”

“ನೂಲಾ ಕೈಗೆ ಇನ್ನೊಂದು ತಲೆ ಕೊಟ್ಟು ಮೋಸ ಮಾಡೋಕಾಗುತ್ತಾ?” ಎಂದರು ತಾತ.

“ಬೆಸ್ ಮತ್ತೆ ಸರಿಹೋಗ್ತಾಳಾ?”

ಈ ಸಲ ಅವರು ನಾಳೆ ಎನ್ನಲಿಲ್ಲ. “ಗೊತ್ತಿಲ್ಲ,” ಎಂದರು.

ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ ಕಂಬಳಿ ಹೊದ್ದು ನೂಲಾ ಅಜ್ಜಿ, ಅವರ ಕಾಲ ಬಳಿ ಬೆಸ್, ಬೆಸ್ ಮುಂದೆ ಬಟ್ಟಲು. ಕಿಟಕಿಯಲ್ಲಿ ನೀಲಿ ಹೂಜಿ, ಹಳೆಯ ಗರಿಗಳು.

ಇಂಚರಾ ಬೇಲಿಯವರೆಗೆ ಹೋಗಿ ಮೆಲ್ಲಗೆ ತಟ್ಟಿದಳು. ಟಕ್. ಬೆಸ್ ಬಟ್ಟಲು ಬಿಟ್ಟು ಕುರ್ಚಿಯ ಹಿಂದೆ ಹೋಯಿತು. ತಾತ ಕೈ ಬೀಸಿದರು.

ಅದು ಮತ್ತೆ ಬಟ್ಟಲಿಗೆ ಬರುವವರೆಗೆ ಕಾಯಬೇಕಾಯಿತು. ಅವಳು ಮೊದಲ ಹೊಲ ದಾಟಿ ತಟ್ಟಿದಳು. ತಾತ ಕೈ ಬೀಸಿದರು. ಎರಡನೇ ಗೇಟು ದಾಟಿದಳು. ಅಲ್ಲಿಂದಲೂ ಕೈ ಬೀಸುವುದೇ ಕಂಡಿತು. ಅಕ್ಟೋಬರ್‌ನಲ್ಲಿ ಬಂದೂಕಿನ ಸದ್ದನ್ನು ಬೆಸ್ ಕೇಳಿದ್ದು ಇಷ್ಟೇ ದೂರದಿಂದ.

ಮೂರನೇ ಹೊಲದ ತುದಿಗೆ ಬಂದಾಗ ಮನೆ ಬೆಂಕಿಪೊಟ್ಟಣದಷ್ಟಾಗಿತ್ತು. ಬೆಸ್ ಕಾಣುತ್ತಿರಲಿಲ್ಲ. ಅಜ್ಜಿಯೂ ಕಾಣುತ್ತಿರಲಿಲ್ಲ. ಬೂಟಿನೊಳಗೆ ನೀರು ಹೋಗಿತ್ತು, ಬೆರಳು ಮರಗಟ್ಟಿತ್ತು. ತನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಅವಳು ತುಂಡುಗಳನ್ನು ತಾಕಿಸಿದಳು.

ತುಂಬ ಹೊತ್ತು ಏನೂ ಆಗಲಿಲ್ಲ.

ಆಮೇಲೆ ದೂರದಲ್ಲಿ, ಬಾಗಿಲ ಬಳಿ, ಒಂದು ಸಣ್ಣ ಕಪ್ಪು ಚುಕ್ಕೆ ಮೇಲಕ್ಕೆ ಹೋಯಿತು. ತಾತನ ಟೋಪಿ.

ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಮ್ಮೆ ತಟ್ಟಿದರೆ? ಇಂಚರಾಳ ಕಾಲು ತಾನಾಗಿಯೇ ಎದ್ದಿತು.

ಅವಳು ಅದನ್ನು ಮತ್ತೆ ಅದೇ ಕೆಸರಿನ ಗುರುತಿನೊಳಗೆ ಇಳಿಸಿದಳು. ತುಂಡುಗಳನ್ನು ಸದ್ದಾಗದಂತೆ ಕೋಟಿನೊಳಗೆ ಇಟ್ಟುಕೊಂಡು, ನಾಳೆ ಬಂದು ನಿಲ್ಲಲು ಗುರುತಿರಲೆಂದು ಅಲ್ಲೊಂದು ಕಲ್ಲು ಇಟ್ಟಳು.